ಅಪ್‌ಡೇಟ್: ಕುಶಾಲನಗರದಲ್ಲಿ ಪ್ಯಾಕರ್ಸ್ ಅಂಡ್ ಮೂವರ್ಸ್ ಫ್ರಾಂಚೈಸಿ, ಕೊನೆಗೆ ಎಷ್ಟಾಯಿತು
ಇಪ್ಪತ್ತು ದಿನದ ಹಿಂದೆ ಇಲ್ಲಿ ನಿಮ್ಮನ್ನೆಲ್ಲ ಕೇಳಿದ್ದೆ, ಮನೆ ಸಾಮಾನು ಸಾಗಿಸುವ ಕಂಪನಿಯ ಫ್ರಾಂಚೈಸಿ (ಅವರ ಹೆಸರಿನಲ್ಲಿ ನಾವು ವ್ಯವಹಾರ ನಡೆಸುವ ಹಕ್ಕು) ತೆಗೆದುಕೊಳ್ಳಲು 8 ಲಕ್ಷ ಸಾಕಾ ಅಂತ. ಸಾಕಾಯಿತು. ಮೊನ್ನೆ ಸಹಿ ಹಾಕಿದೆ.

ಕೈ ಹಿಡಿದದ್ದು ಆಗ ಉತ್ತರ ಕೊಟ್ಟಿದ್ದ ವಿರಾಜಪೇಟೆಯ ಅಣ್ಣನ ಮಾತು: "ಲಾರಿ ಕೊಳ್ಳಬೇಡಿ, ಬೇಕಾದಾಗ ಬಾಡಿಗೆಗೆ ಹಿಡಿಯಿರಿ." ಮಳೆಗಾಲದಲ್ಲಿ ಗುಡ್ಡ ಕುಸಿಯುವ ಭಯಕ್ಕೆ ಜಿಲ್ಲಾಡಳಿತ ಭಾರಿ ವಾಹನ ತಡೆದರೆ ಸ್ವಂತ ಲಾರಿ ಸುಮ್ನೆ ನಿಲ್ಲುತ್ತದೆ, ಕಂತು ನಿಲ್ಲುವುದಿಲ್ಲ ಅಲ್ವಾ? ಹಾಗಾಗಿ ಹಳೆಯ ಟಾಟಾ ಏಸ್ ಒಂದನ್ನೇ 2.6 ಲಕ್ಷಕ್ಕೆ ತೆಗೆದುಕೊಂಡೆ. ಆಗ ತಿಳಿದದ್ದು, ಲೋಡ್ ಸೇರಿ ಒಟ್ಟು ತೂಕ 3,000 ಕೆಜಿ ಮೀರದ ಗೂಡ್ಸ್ ಗಾಡಿಗೆ ಪರ್ಮಿಟ್ಟೇ ಬೇಕಿಲ್ಲ! ತುಂಬಾ ಖುಷಿಯಾಯಿತು.

ಕಂಪನಿಗೆ ಕೊಡುವ ಫ್ರಾಂಚೈಸಿ ಶುಲ್ಕದಲ್ಲಿ ಚೌಕಾಸಿ ಮಾಡಿ ಎಂದಿದ್ದಿರಿ. ನಡೆಯಲಿಲ್ಲ, 2 ಲಕ್ಷದಲ್ಲಿ ಒಂದು ರೂಪಾಯಿ ಇಳಿಸಲಿಲ್ಲ. ಅದರ ಮೇಲೆ 18% ಜಿಎಸ್‌ಟಿ ಬೇರೆ, ಅಂದರೆ 36 ಸಾವಿರ. ಇದನ್ನು ನಾನು ಲೆಕ್ಕಕ್ಕೇ ಹಿಡಿದಿರಲಿಲ್ಲ, ನೀವು ಮರೆಯಬೇಡಿ.

ಗೋದಾಮಿನ ಅಡ್ವಾನ್ಸ್ 60 ಸಾವಿರ, ರಟ್ಟಿನ ಪೆಟ್ಟಿಗೆ, ಬಬಲ್ ಶೀಟ್, ಹಗ್ಗ, ಟಾರ್ಪಾಲಿಗೆ 40 ಸಾವಿರ. ಉಳಿದ ಸುಮಾರು 2 ಲಕ್ಷ ಮುಟ್ಟಿಲ್ಲ. ಮೊದಲ ತಿಂಗಳುಗಳ ಬಾಡಿಗೆಗೆ, ಹುಡುಗರ ಕೂಲಿಗೆ ಅದು ಬೇಕೇ ಬೇಕು.

ಸೋಮವಾರ ಮಡಿಕೇರಿಯಿಂದ ಮೈಸೂರಿಗೆ ಮೊದಲ ಲೋಡ್. ಎಲ್ಲರಿಗೂ ಥ್ಯಾಂಕ್ಸ್.