ಬೆಳಿಗ್ಗೆ ಪವರ್ ಬಟನ್ ಒತ್ತಿದರೆ ಕಂಪ್ಯೂಟರ್ ಶುರುವಾಗುವುದಿಲ್ಲ: ದೋಷ ಬಟನ್ನಿನದೋ, ಎಸ್‌ಎಂಪಿಎಸ್‌ನದೋ?

ಪ್ರಶ್ನೆ: ನಮಸ್ಕಾರ ಸರ್. ನಮ್ಮ ಮನೆಯ ಡೆಸ್ಕ್‌ಟಾಪ್ ಕಂಪ್ಯೂಟರಿಗೆ ಏಳು ವರ್ಷವಾಗಿದೆ. ರಾತ್ರಿ ಗೋಡೆಯ ಸ್ವಿಚ್ ಆರಿಸಿ ಮಲಗುತ್ತೇವೆ. ಎರಡು ತಿಂಗಳಿಂದ, ಬೆಳಿಗ್ಗೆ ಸ್ವಿಚ್ ಹಾಕಿ ಕ್ಯಾಬಿನೆಟ್ಟಿನ ಬಟನ್ ಒತ್ತಿದರೆ ಫ್ಯಾನ್ ಕೂಡ ತಿರುಗುವುದಿಲ್ಲ. ಹತ್ತು ಹದಿನೈದು ನಿಮಿಷ ಬಿಟ್ಟು ಒತ್ತಿದರೆ ಶುರುವಾಗಿ, ಸಂಜೆಯವರೆಗೂ ಸರಿಯಾಗಿ ನಡೆಯುತ್ತದೆ. ಅಂಗಡಿಯವರೊಬ್ಬರು ಮದರ್‌ಬೋರ್ಡನ್ನೇ ಬದಲಿಸಬೇಕೆಂದಿದ್ದಾರೆ. ಬಟನ್ ಮಾತ್ರ ಸವೆದಿರಬಹುದೇ?

ಉತ್ತರ: ನಮಸ್ಕಾರ. ಸವೆದ ಬಟನ್ ಮಧ್ಯಾಹ್ನವೂ ಕೈಕೊಡುತ್ತದೆ. ನಿಮ್ಮದು ಬೆಳಿಗ್ಗೆ ಮಾತ್ರ ಆಗುತ್ತಿರುವುದರಿಂದ ನನ್ನ ಅನುಮಾನ ಬೇರೆ ಕಡೆಗಿದೆ. ಮದರ್‌ಬೋರ್ಡಿಗೆ ಈಗಲೇ ಹಣ ಸುರಿಯಬೇಡಿ.

1995ರಲ್ಲಿ ಇಂಟೆಲ್ ಎಟಿಎಕ್ಸ್ ಎಂಬ, ಮದರ್‌ಬೋರ್ಡ್ ಮತ್ತು ವಿದ್ಯುತ್ ಸರಬರಾಜಿನ ಮಾನದಂಡವನ್ನು ತರುವ ಮೊದಲು ಬಳಕೆಯಲ್ಲಿದ್ದ ಎಟಿ ಕಂಪ್ಯೂಟರುಗಳಲ್ಲಿ ಮೇನ್ಸ್ ವಿದ್ಯುತ್ತೇ ಸ್ವಿಚ್ಚಿನವರೆಗೆ ಬರುತ್ತಿತ್ತು, ಅದನ್ನು ಒತ್ತಿದರೆ ಸರಬರಾಜು ನಿಜವಾಗಿಯೇ ಕಡಿದುಹೋಗುತ್ತಿತ್ತು. ಈಗಿನ ಬಟನ್ ಮದರ್‌ಬೋರ್ಡಿನ ಎರಡು ಪಿನ್ನುಗಳನ್ನು ಒಂದು ಕ್ಷಣ ಕೂಡಿಸುತ್ತದೆ, ಅಷ್ಟೇ. ಅದು ಒಂದು ಕೋರಿಕೆ. ಅದನ್ನು ಕೇಳಿಸಿಕೊಳ್ಳಲು ಆರಿಸಿದ ಕಂಪ್ಯೂಟರಿನಲ್ಲೂ ಯಾರಾದರೂ ಎಚ್ಚರವಾಗಿರಬೇಕು. ಆ ಎಚ್ಚರಕ್ಕೆ ಬೇಕಾದ 5 ವೋಲ್ಟನ್ನು, ಗೋಡೆಯ ಸ್ವಿಚ್ ಹಾಕಿರುವಷ್ಟು ಹೊತ್ತೂ, ಎಸ್‌ಎಂಪಿಎಸ್ (ಮೇನ್ಸ್ ವಿದ್ಯುತ್ತನ್ನು ಕಂಪ್ಯೂಟರಿಗೆ ಬೇಕಾದ ಕಡಿಮೆ ವೋಲ್ಟಿನ ಡಿಸಿಯಾಗಿ ಬದಲಿಸುವ ಡಬ್ಬಿ) ನೇರಳೆ ವೈರಿನಲ್ಲಿ ಕೊಡುತ್ತಿರುತ್ತದೆ. ಇದನ್ನು ಸ್ಟ್ಯಾಂಡ್‌ಬೈ ಎನ್ನುತ್ತಾರೆ. ಕಂಪ್ಯೂಟರ್ ಆರಿಸಿದ ಮೇಲೂ ಕೆಲವು ಮೌಸ್‌ಗಳ ದೀಪ ಉರಿಯುವುದು ಇದರಿಂದಲೇ. ಕೋರಿಕೆ ತಲುಪಿದಾಗ ಮದರ್‌ಬೋರ್ಡ್ ಹಸಿರು ವೈರನ್ನು ಸೊನ್ನೆ ವೋಲ್ಟಿನ ಹತ್ತಿರಕ್ಕೆ ಎಳೆಯುತ್ತದೆ, ಆಗ ಎಸ್‌ಎಂಪಿಎಸ್‌ನ ಮುಖ್ಯ ಭಾಗ ಶುರುವಾಗುತ್ತದೆ, 12, 5 ಮತ್ತು 3.3 ವೋಲ್ಟುಗಳು ಸ್ಥಿರವಾದ ಸುಮಾರು 0.1ರಿಂದ 0.5 ಸೆಕೆಂಡಿನೊಳಗೆ ಬೂದು ಬಣ್ಣದ ವೈರಿನಲ್ಲಿ ‘ಎಲ್ಲ ಸರಿಯಿದೆ’ ಎಂಬ ಸಂಕೇತ ಬಂದು ಪ್ರೊಸೆಸರ್ ಕೆಲಸ ಆರಂಭಿಸುತ್ತದೆ.

ಬೆಳಿಗ್ಗೆ, ತೊಂದರೆ ಇರುವಾಗಲೇ, ಮಲ್ಟಿಮೀಟರಿನ ಕಪ್ಪು ಕಡ್ಡಿಯನ್ನು ಕಪ್ಪು ವೈರಿಗೆ ಹಿಡಿದು, ಎಸ್‌ಎಂಪಿಎಸ್‌ನಿಂದ ಬೋರ್ಡಿಗೆ ಬರುವ 24 ಪಿನ್ನಿನ ಕನೆಕ್ಟರ್ ಬೋರ್ಡಿನಲ್ಲೇ ಇರುವಂತೆ ಹಿಂಬದಿಯಿಂದ ಅಳೆಯಿರಿ. ನೇರಳೆ ವೈರಿನಲ್ಲಿ 4.75ರಿಂದ 5.25 ವೋಲ್ಟ್ ಇರಬೇಕು. ಅದು ಸರಿಯಿದ್ದರೆ, ಬಟನ್ ಒತ್ತಿದಾಗ ಹಸಿರು ವೈರು 0.8 ವೋಲ್ಟಿಗಿಂತ ಕೆಳಗಿಳಿಯುತ್ತದೆಯೇ ನೋಡಿ. ಇಳಿದೂ ಫ್ಯಾನ್ ತಿರುಗದಿದ್ದರೆ ಮೊದಲು ಎಸ್‌ಎಂಪಿಎಸ್ ಮೇಲೆಯೇ ಸಂಶಯ. ಇಳಿಯದಿದ್ದರೆ ಬಟನ್ನಿನ ಎರಡು ಪಿನ್ನುಗಳನ್ನು ಸ್ಕ್ರೂಡ್ರೈವರಿನ ತುದಿಯಿಂದ ಒಂದು ಕ್ಷಣ ಕೂಡಿಸಿ. ಆಗ ಶುರುವಾದರೆ ಬಟನ್, ಆಗಲೂ ಇಲ್ಲವಾದರೆ ಬೋರ್ಡ್.

ಮರುಪ್ರಶ್ನೆ: ಇಂದು ಬೆಳಿಗ್ಗೆ ಅಳೆದೆ ಸರ್. ಸ್ವಿಚ್ ಹಾಕಿದ ಕೂಡಲೇ ನೇರಳೆ ವೈರಿನಲ್ಲಿ 4.2 ವೋಲ್ಟ್ ಇತ್ತು, ನಿಧಾನವಾಗಿ ಏರಿ 4.8 ಆಯಿತು, ಆಗ ಬಟನ್ ಕೆಲಸ ಮಾಡಿತು. ಒಳಗೆ ಬಿಚ್ಚಿ ನೋಡಲೇ?

ಉತ್ತರ: ದಯವಿಟ್ಟು ಎಸ್‌ಎಂಪಿಎಸ್ ಡಬ್ಬಿಯನ್ನು ಬಿಚ್ಚಬೇಡಿ. 230 ವೋಲ್ಟ್ ಮೇನ್ಸ್ ಒಳಗೆ ಸುಮಾರು 325 ವೋಲ್ಟ್ ಡಿಸಿಯಾಗಿ ದೊಡ್ಡ ಕೆಪಾಸಿಟರಿನಲ್ಲಿ (ವಿದ್ಯುತ್ತನ್ನು ಹಿಡಿದಿಡುವ ಬಿಡಿಭಾಗ) ತುಂಬಿರುತ್ತದೆ, ಪ್ಲಗ್ ಕಿತ್ತ ಮೇಲೂ ಸ್ವಲ್ಪ ಹೊತ್ತು ಉಳಿದಿರಬಹುದು. ನಿಮ್ಮ ಅಳತೆ ಸ್ಟ್ಯಾಂಡ್‌ಬೈ ಭಾಗದ ಸಣ್ಣ ಕೆಪಾಸಿಟರುಗಳತ್ತ ಬೆರಳು ತೋರಿಸುತ್ತದೆ. ಅವುಗಳೊಳಗಿನ ದ್ರವ ವರ್ಷಗಳಲ್ಲಿ ಒಣಗಿದಂತೆ ಆಂತರಿಕ ಪ್ರತಿರೋಧ ಹೆಚ್ಚುತ್ತದೆ, ತಣ್ಣಗಿರುವಾಗ ಇನ್ನಷ್ಟು. ತುಸು ಬಿಸಿಯಾದಾಗ ವೋಲ್ಟೇಜ್ ಮೇಲಕ್ಕೆ ಬಂದು ಬೋರ್ಡಿಗೆ ನಿಮ್ಮ ಒತ್ತುವಿಕೆ ‘ಕೇಳಿಸುತ್ತದೆ’. ಒಳ್ಳೆಯ ಎಸ್‌ಎಂಪಿಎಸ್ ಹಾಕಿಸಿ, ಅಥವಾ ಈ ಕೆಲಸ ಬಲ್ಲವರಿಂದ ಕೆಪಾಸಿಟರ್ ಬದಲಿಸಿರಿ. ಏಳು ವರ್ಷ ದುಡಿದಿರುವುದರಿಂದ ಹೊಸದೇ ಲೇಸು ಎಂಬುದು ನನ್ನ ಅಭಿಪ್ರಾಯ. ತಡಮಾಡಬೇಡಿ: ಹಳೆಯ ಕೆಲವು ವಿನ್ಯಾಸಗಳಲ್ಲಿ ಈ ಕೆಪಾಸಿಟರ್ ಪೂರ್ತಿ ಕೆಟ್ಟರೆ ಸ್ಟ್ಯಾಂಡ್‌ಬೈ ವೋಲ್ಟೇಜ್ ಮಿತಿಮೀರಿ ಏರಿ ಬೋರ್ಡನ್ನೂ ಸುಡುತ್ತದೆ.

ಮತ್ತೊಬ್ಬ ಸದಸ್ಯರ ಪ್ರಶ್ನೆ: ಹಸಿರು ಮತ್ತು ಕಪ್ಪು ವೈರುಗಳನ್ನು ಪೇಪರ್ ಕ್ಲಿಪ್ಪಿನಿಂದ ಕೂಡಿಸಿ ಪರೀಕ್ಷಿಸಿದರೆ ಸಾಲದೇ?

ಉತ್ತರ: ಕನೆಕ್ಟರನ್ನು ಬೋರ್ಡಿನಿಂದ ಬಿಡಿಸಿ ಹಾಗೆ ಮಾಡಿದಾಗ ಫ್ಯಾನ್ ತಿರುಗಿದರೆ ಎಸ್‌ಎಂಪಿಎಸ್ ಶುರುವಾಗಬಲ್ಲದು ಎಂದಷ್ಟೇ ತಿಳಿಯುತ್ತದೆ, ಹೊರೆ ಬಿದ್ದಾಗ ವೋಲ್ಟೇಜ್ ನಿಲ್ಲುವುದೇ ಎಂಬುದು ತಿಳಿಯುವುದಿಲ್ಲ. ಈ ಕಂಪ್ಯೂಟರಿನಲ್ಲಿ ನಡುಮಧ್ಯಾಹ್ನ ಆ ಪರೀಕ್ಷೆ ಮಾಡಿದ್ದರೆ ಫ್ಯಾನ್ ತಿರುಗಿ, ದೋಷವೆಲ್ಲ ಬೋರ್ಡಿನ ತಲೆಗೆ ಬರುತ್ತಿತ್ತು.