ಕಿಂಗ್ ಲಿಯರ್ 1608: ಒಂದು ಸ್ಕ್ಯಾನ್‌ನಲ್ಲಿರೋ ಪದ ಇನ್ನೊಂದರಲ್ಲಿಲ್ಲ, ಉಲ್ಲೇಖ ಹೇಗೆ ಕೊಡೋದು?

ಪದಹುಳು:
ಎಲ್ಲರಿಗೂ ನಮಸ್ಕಾರ. ಒಂದು ಆನ್‌ಲೈನ್ ಇಂಗ್ಲಿಷ್ ನಿಘಂಟಿಗೆ ಹಳೇ ನಾಟಕಗಳಿಂದ ಪ್ರಯೋಗಗಳನ್ನು ಸೇರಿಸ್ತಾ ಇದೀನಿ. ಷೇಕ್ಸ್‌ಪಿಯರನ ಕಿಂಗ್ ಲಿಯರ್‌ನಲ್ಲಿ, ಬಿರುಗಾಳಿಗೆ ಸಿಕ್ಕ ದೊರೆ ಗುಡಿಸಲ ಮುಂದೆ ಆಡೋ ಮಾತಲ್ಲಿ ‘ಕ್ರೂಲೆನ್ಷಿಯಸ್ ಸ್ಟಾರ್ಮ್’ ಅಂತಿದೆ. 1608ರ ಕ್ವಾರ್ಟೊದ (ಹಾಳೆಯನ್ನ ಎರಡು ಸಲ ಮಡಿಸಿ ನಾಲ್ಕು ಎಲೆ ಮಾಡಿದ ಪುಸ್ತಕ) ಸ್ಕ್ಯಾನ್ ನೋಡಿಯೇ ಹೊಸ ನಮೂದು ಮಾಡಿದ್ದೆ. ಪರಿಶೀಲಕರು ಅದನ್ನ ತೆಗೆದುಹಾಕಿ, ‘1608ರ ಪುಸ್ತಕದಲ್ಲಿ ಇರೋದು ಟೆಂಪೆಸ್ಟಿಯಸ್’ ಅಂತ ಬೇರೊಂದು ಸ್ಕ್ಯಾನಿನ ಲಿಂಕ್ ಕೊಟ್ಟಿದಾರೆ. ನೋಡಿದ್ರೆ ಅಲ್ಲಿ ನಿಜವಾಗ್ಲೂ ಹಾಗೇ ಇದೆ! ನಮ್ಮನೇಲಿರೋ ಈಗಿನ ಮುದ್ರಣದಲ್ಲಿ ಮಾತ್ರ ಕಂಟೆನ್ಷಿಯಸ್. ಸಾಲದ್ದಕ್ಕೆ ಉಲ್ಲೇಖ ತುಂಬೋ ಟೆಂಪ್ಲೇಟು ಪುಟಸಂಖ್ಯೆ ಕೇಳ್ತಿದೆ, ಪುಸ್ತಕದಲ್ಲಿ ಪುಟಸಂಖ್ಯೆಯೇ ಇಲ್ಲ. ಯಾರಾದ್ರೂ ದಾರಿ ತೋರಿಸಿ.

ಅಚ್ಚುಮೊಳೆ:
ಮೊದಲು ಒಂದು ವಿಷಯ ಖಚಿತ ಮಾಡಿಕೊಳ್ಳಿ: ನೀವು ನೋಡಿದ್ದು ಯಾವ 1608? ಲಿಯರ್‌ಗೆ ಆ ಇಸವಿ ಹೊತ್ತ ಕ್ವಾರ್ಟೊಗಳು ಎರಡಿವೆ. ಎರಡನೆಯದು ಅಚ್ಚಾಗಿದ್ದು 1619ರಲ್ಲಿ, ಪ್ರಕಾಶಕ ಥಾಮಸ್ ಪೇವಿಯರ್‌ಗಾಗಿ ವಿಲಿಯಂ ಜಗ್ಗಾರ್ಡನ ಮುದ್ರಣಾಲಯದಲ್ಲಿ. ಶೀರ್ಷಿಕೆ ಪುಟದಲ್ಲಿ ಮಾತ್ರ ಹಳೇ ಇಸವಿ. ಸುಮಾರು ಮುನ್ನೂರು ವರ್ಷ ಈ ಕಳ್ಳ ಇಸವಿ ಯಾರ ಕೈಗೂ ಸಿಗಲಿಲ್ಲ. 1908ರಲ್ಲಿ ಹಳೇ ಪುಸ್ತಕಗಳ ವಿದ್ವಾಂಸ ಡಬ್ಲ್ಯು. ಡಬ್ಲ್ಯು. ಗ್ರೆಗ್ ಕಾಗದದ ನೀರುಗುರುತು ಹೋಲಿಸಿ ಹಿಡಿದುಹಾಕಿದ. ನಿಮಗೆ ಅಷ್ಟೆಲ್ಲ ಕಷ್ಟ ಬೇಡ. ಶೀರ್ಷಿಕೆ ಪುಟದ ಕೆಳಗೆ ಲಂಡನ್ನಿನ ಸೇಂಟ್ ಪಾಲ್ಸ್ ಚರ್ಚಿನ ಆವರಣದಲ್ಲಿ ‘ಪೈಡ್ ಬುಲ್’ ಫಲಕದ ಅಂಗಡಿಯ ವಿಳಾಸ ಇದ್ದರೆ ಅಸಲಿ. ಬರೀ ಪ್ರಕಾಶಕ ನಥಾನಿಯಲ್ ಬಟರ್ ಹೆಸರು, ಇಸವಿ ಇದ್ದರೆ 1619ರದ್ದು.

ಪದಹುಳು:
ಎರಡು ಸ್ಕ್ಯಾನ್‌ನಲ್ಲೂ ಪೈಡ್ ಬುಲ್ ಇದೆ ಸರ್! ಮತ್ತೆ ಪದ ಯಾಕೆ ಬೇರೆ?

ಅಚ್ಚುಮೊಳೆ:
ಹಾಗಾದ್ರೆ ನಿಮ್ಮಿಬ್ಬರದ್ದೂ ಸರಿಯೇ. ಇದನ್ನ ಅಚ್ಚು ಹಾಕಿದವನು ನಿಕೊಲಸ್ ಓಕ್ಸ್, ಅವನ ಪ್ರೆಸ್ಸಿನಿಂದ ಬಂದ ಮೊದಲ ನಾಟಕ ಇದು. ಆಗೆಲ್ಲ ಪ್ರೂಫ್ ಮುಗಿಯೋವರೆಗೆ ಯಂತ್ರ ನಿಲ್ಲಿಸಿ ಕಾಯ್ತಿರಲಿಲ್ಲ. ತಿದ್ದುವವನು ಒಂದು ಹಾಳೆ ಓದ್ತಾ ಕೂತರೆ ಅತ್ತ ಅಚ್ಚು ನಡೀತಾನೇ ಇರೋದು. ತಪ್ಪು ಸಿಕ್ಕಮೇಲೆ ಮೊಳೆ ಬದಲಿಸಿ ಮುಂದುವರಿಸೋರು. ಕಾಗದ ದುಬಾರಿ, ಹಾಗಾಗಿ ತಿದ್ದದ ಹಾಳೆಗಳನ್ನೂ ಎಸೀತಿರಲಿಲ್ಲ. ತಿದ್ದಿದ್ದು, ತಿದ್ದದ್ದು ಎಲ್ಲ ಬೆರೆಸಿ ಹೊಲಿದುಬಿಡೋರು. ಈಗ ಉಳಿದಿರೋದು 12 ಪ್ರತಿ, ಅವುಗಳಲ್ಲೇ ಒಂದಕ್ಕೊಂದು ವ್ಯತ್ಯಾಸ. ತಾಳೆಗರಿಗೆ ಪಾಠಾಂತರ ಇರೋದು ನಮಗೆ ಗೊತ್ತು, ಅಚ್ಚಿನ ಪುಸ್ತಕಕ್ಕೂ ಇರುತ್ತೆ ಅಂದ್ರೆ ನಂಬೋಕೆ ಸ್ವಲ್ಪ ಹೊತ್ತು ಹಿಡಿಯುತ್ತೆ.

ಕ್ರೂಲೆನ್ಷಿಯಸ್ ಇರೋದು ತಿದ್ದುವ ಮುಂಚಿನ ಹಾಳೆಯಲ್ಲಿ, ಟೆಂಪೆಸ್ಟಿಯಸ್ ತಿದ್ದಿದ ಮೇಲಿನದು. ಕಂಟೆನ್ಷಿಯಸ್ 1623ರ ಮೊದಲ ಫೋಲಿಯೊದ್ದು (ಷೇಕ್ಸ್‌ಪಿಯರನ ನಾಟಕಗಳನ್ನ ಒಟ್ಟಿಗೆ ಅಚ್ಚು ಹಾಕಿದ ದೊಡ್ಡ ಸಂಪುಟ), ಈಗಿನ ಮುದ್ರಣಗಳು ಹೆಚ್ಚಾಗಿ ಅದನ್ನೇ ಹಿಡೀತವೆ. ನನ್ನ ಕೇಳಿದ್ರೆ ಕ್ರೂಲೆನ್ಷಿಯಸ್‌ಗೆ ಸ್ವತಂತ್ರ ನಮೂದು ಬೇಡ. ಮೊಳೆ ಜೋಡಿಸೋನಿಗೆ ಹಸ್ತಪ್ರತಿಯ ಅಕ್ಷರ ತಿಳೀಲಿಲ್ಲ ಅನ್ಸುತ್ತೆ. ತಿದ್ದಿದವನೂ ಮೂಲ ನೋಡಿದ್ನೋ, ಊಹೆ ಮಾಡಿದ್ನೋ, ಅದೂ ಅನುಮಾನವೇ.

ಹಳೇಪುಸ್ತಕ:
ಪುಟದ ಬಗ್ಗೆ ನಾನು ಹೇಳ್ತೀನಿ ಮೇಡಂ. ಕ್ವಾರ್ಟೊದಲ್ಲಿ ಪುಟಸಂಖ್ಯೆ ಬದಲು ಸಿಗ್ನೇಚರ್ ಇರುತ್ತೆ. ಬಲಗಡೆ ಪುಟದ ಬುಡದಲ್ಲಿ ಬಿ, ಬಿ2, ಬಿ3 ಅಂತ ನೋಡಿ. ಒಂದು ಅಕ್ಷರಕ್ಕೆ ನಾಲ್ಕು ಎಲೆ, ಎಂಟು ಪುಟ. ನಾಲ್ಕನೇ ಎಲೆಗೆ ಸಾಮಾನ್ಯವಾಗಿ ಗುರುತು ಹಾಕಿರಲ್ಲ, ಎಣಿಸಿಕೊಳ್ಳಬೇಕು. ಎಲೆಯ ಮುಂಭಾಗ ರೆಕ್ಟೊ, ಹಿಂಭಾಗ ವರ್ಸೊ. ಅಕ್ಷರಮಾಲೆಯಲ್ಲಿ 23 ಅಕ್ಷರ ಅಷ್ಟೇ. ಐ, ಜೆ ಎರಡೂ ಒಂದೇ ಲೆಕ್ಕ, ಯು, ವಿ ಕೂಡ, ಡಬ್ಲ್ಯು ಇಲ್ಲವೇ ಇಲ್ಲ. ಈ ಕ್ವಾರ್ಟೊದಲ್ಲಿ ಅಂಕ–ದೃಶ್ಯ ವಿಭಾಗವೂ ಅಚ್ಚಾಗಿಲ್ಲ, ಅದಕ್ಕೇ [ಅಂಕ 3, ದೃಶ್ಯ 4] ಅಂತ ಚೌಕ ಕಂಸದಲ್ಲೇ ಕೊಡಿ.

ಫೋಲಿಯೊದಿಂದ ಎತ್ತೋದಾದ್ರೆ ಪುಟಸಂಖ್ಯೆ ಇದೆ, ಕಣ್ಣುಮುಚ್ಚಿ ನಂಬಬೇಡಿ. ಹ್ಯಾಮ್ಲೆಟ್‌ನಲ್ಲಿ 156 ಆದಮೇಲೆ ಸೀದಾ 257! ಸಂತೋಷನಾಟಕ, ಇತಿಹಾಸ, ದುರಂತ ಮೂರೂ ಭಾಗಕ್ಕೆ ಎಣಿಕೆ ಬೇರೆ ಬೇರೆ. ಪುಟ ಎರಡು ಕಾಲಂ ಇರೋದ್ರಿಂದ ಕಾಲಂ ಕೂಡ ಬರೀಬೇಕು.

ಪದಹುಳು:
ತುಂಬಾ ಥ್ಯಾಂಕ್ಸ್. ಟೆಂಪೆಸ್ಟಿಯಸನ್ನ ಟೆಂಪೆಸ್ಟುಅಸ್ (ಬಿರುಗಾಳಿಯಂಥ) ನಮೂದಿನಡಿ ಹಳೇ ಕಾಗುಣಿತ ಅಂತ ಸೇರಿಸ್ತೀನಿ. ಇಸವಿ ಜಾಗದಲ್ಲಿ ಬರೆದ ಕಾಲ ಹಾಕೋದೋ, ಅಚ್ಚಾದದ್ದೋ?

ಅಚ್ಚುಮೊಳೆ:
ಎರಡೂ. 1606ರ ಡಿಸೆಂಬರ್ 26ಕ್ಕೆ ಅರಮನೆಯಲ್ಲಿ ಆಡಿದ್ದಾರೆ, ಹಾಗಾಗಿ ರಚನೆ ‘ಸು. 1605–06’, ಪ್ರಕಟಣೆ 1608. ಆದರೆ ಟೆಂಪೆಸ್ಟಿಯಸ್ ತಿದ್ದುವವನದ್ದೇ ಪದ ಇರಬಹುದಾದ್ದರಿಂದ ವಿಂಗಡಣೆಗೆ 1608 ಬಳಸಿ. ಬ್ರಿಟಿಷ್ ಲೈಬ್ರರಿಯದ್ದೋ, ಬಾಡ್ಲಿಯನ್‌ದೋ, ಹಂಟಿಂಗ್ಟನ್‌ದೋ, ನೀವು ನೋಡಿದ ಪ್ರತಿ ಯಾವ ಗ್ರಂಥಾಲಯದ್ದು ಅನ್ನೋದನ್ನ ಟಿಪ್ಪಣಿಯಲ್ಲಿ ಬರೀರಿ. ಅದಿಲ್ಲದಿದ್ರೆ ಇನ್ಯಾರೋ ಬೇರೆ ಸ್ಕ್ಯಾನ್ ನೋಡಿ ಮತ್ತೆ ಅಳಿಸ್ತಾರೆ. ಮತ್ತೆ ಪುಟದ ಜಾಗ ಖಾಲಿ ಬಿಡಬೇಡಿ, ಸಿಗ್ನೇಚರನ್ನೇ ಹಾಕಿ.