ಗಡ್ಡೆಯ ಕೋಶಗಳನ್ನು ಹೊರಗೆ ಬೆಳೆಸಿದರೆ ಅವು ಅದೇ ಗಡ್ಡೆಯಾಗಿ ಉಳಿಯುತ್ತವೆಯೇ?

ಪ್ರಶ್ನೆ: ಸಿಂಧನೂರಿನಿಂದ

ನಮ್ಮ ಅಣ್ಣನ ಸ್ಕ್ಯಾನಿಂಗ್ ನೋಡಿದ ವೈದ್ಯರು ಮೆದುಳಿನಲ್ಲಿರುವುದು ಗ್ಲಿಯೋಬ್ಲಾಸ್ಟೋಮಾ ಎಂಬ ಕ್ಯಾನ್ಸರ್ ಗಡ್ಡೆ ಇರಬಹುದೆಂದು ಹೇಳಿದ್ದು, ಮುಂದಿನ ವಾರ ಬೆಂಗಳೂರಿನಲ್ಲಿ ಶಸ್ತ್ರಚಿಕಿತ್ಸೆ ನಿಗದಿಯಾಗಿದೆ. ತೆಗೆದ ಗಡ್ಡೆಯಲ್ಲಿ ರೋಗಪರೀಕ್ಷೆಗೆ ಬೇಕಾದಷ್ಟನ್ನು ಬಳಸಿ, ಉಳಿದುದನ್ನು ಸಂಶೋಧನೆಗಾಗಿ ಪ್ರಯೋಗಾಲಯದಲ್ಲಿ ಬೆಳೆಸಲು ಒಪ್ಪಿಗೆಯೇ ಎಂದು ಕೇಳಿ ಒಂದು ಪತ್ರ ಕೊಟ್ಟಿದ್ದಾರೆ. ಅಣ್ಣನಿಗೆ ಒಪ್ಪಿಗೆಯಿದೆ; ರೋಗವನ್ನು ಹೊರಗೆ ಬೆಳೆಸಿದರೆ ಒಳಗೂ ಬೆಳೆದೀತೆಂಬ ಭಯ ಅವ್ವನದು. ದೇಹದಿಂದ ಹೊರಬಂದ ಕೋಶ ಬದುಕುವುದಾದರೂ ಹೇಗೆ? ಅದರ ಮೇಲೆ ಔಷಧಗಳನ್ನು ಹಾಕಿ ನೋಡಿ, ಅಣ್ಣನಿಗೆ ಯಾವುದು ಹಿಡಿಯುತ್ತದೆಂದು ಹೇಳಬಲ್ಲರೇ?

ಉತ್ತರ: ಬಳ್ಳಾರಿಯಿಂದ

ಕೆಲವು ವರ್ಷ ಇಂಥ ಪ್ರಯೋಗಾಲಯದಲ್ಲಿ ದುಡಿದು, ಈಗ ಇಲ್ಲಿ ಜೀವಶಾಸ್ತ್ರ ಪಾಠ ಮಾಡುತ್ತಿದ್ದೇನೆ. ತಾಯಿಯವರಿಗೆ ಮೊದಲು ಧೈರ್ಯ ಹೇಳಿ: ಹೊರಬಂದ ಕೋಶಕ್ಕೂ ಒಳಗಿರುವುದಕ್ಕೂ ಆಮೇಲೆ ಯಾವ ಸಂಬಂಧವೂ ಇರುವುದಿಲ್ಲ.

ಗಡ್ಡೆಯ ಚೂರನ್ನು ತಂಪಾದ ದ್ರವದಲ್ಲಿಟ್ಟು ತಡಮಾಡದೆ ತಂದು, ಸಣ್ಣಗೆ ಹೆಚ್ಚಿ, ಕಿಣ್ವದಿಂದ ಕೋಶಗಳನ್ನು ಬಿಡಿಸಿ, ಸಕ್ಕರೆ, ಲವಣ, ಅಮೈನೋ ಆಮ್ಲಗಳಿರುವ ಪೋಷಕ ದ್ರವದಲ್ಲಿ 37 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಇಡುತ್ತಾರೆ. ದ್ರವದ ಆಮ್ಲೀಯತೆ ಏರುಪೇರಾಗದಂತೆ ಪೆಟ್ಟಿಗೆಯ ಗಾಳಿಯಲ್ಲಿ ಶೇ. 5ರಷ್ಟು ಇಂಗಾಲದ ಡೈಆಕ್ಸೈಡ್ ಇರುವಂತೆ ನೋಡಿಕೊಳ್ಳುತ್ತಾರೆ. ಕೋಶಗಳು ಒತ್ತೊತ್ತಾದಾಗ, ಸಸಿಮಡಿಯಿಂದ ಭತ್ತದ ಸಸಿ ಕಿತ್ತು ನಾಟಿ ಮಾಡಿದಂತೆ, ಬೇರೆ ತಟ್ಟೆಗಳಿಗೆ ಹಂಚುತ್ತಾರೆ.

ಬೆಳೆದದ್ದು ಮೂಲ ಗಡ್ಡೆಯಂತೆಯೇ ಇರುತ್ತದೆಯೇ ಎಂಬುದೇ ಈ ವಿದ್ಯೆಯ ದೊಡ್ಡ ತೊಡಕು. ದಶಕಗಳ ಕಾಲ ಕರುವಿನ ಭ್ರೂಣದ ಸೀರಮ್ (ರಕ್ತ ಹೆಪ್ಪುಗಟ್ಟಿದ ಮೇಲೆ ಉಳಿಯುವ ತಿಳಿ ದ್ರವ) ಬೆರೆಸಿ ಬೆಳೆಸುತ್ತಿದ್ದರು. ಅದರಲ್ಲಿ ಕೋಶಗಳು ಹುಲುಸಾಗಿ ಬೆಳೆಯುತ್ತಿದ್ದವು, ಆದರೆ ಗುಣ ಬದಲಾಗುತ್ತಿತ್ತು. ಸೀರಮ್ ಬಿಟ್ಟು ಎರಡು ಬೆಳವಣಿಗೆ ಪ್ರೋಟೀನುಗಳನ್ನಷ್ಟೇ ಕೊಟ್ಟು ಬೆಳೆಸಿದ ಕೋಶಗಳು ಮೂಲ ಗಡ್ಡೆಯನ್ನು ಹೆಚ್ಚು ಹೋಲುತ್ತವೆಂದು 2006ರಲ್ಲಿ ಅಮೆರಿಕದ ಸಂಶೋಧಕರು ತೋರಿಸಿದರು. ಇನ್ನೊಂದು ಸಂಗತಿಯಂತೂ ನನ್ನನ್ನು ಇಂದಿಗೂ ಕಾಡುತ್ತದೆ. 1960ರ ದಶಕದಲ್ಲಿ ಸ್ವೀಡನ್ನಿನ ಉಪ್ಸಾಲಾದಲ್ಲಿ ಒಬ್ಬ ರೋಗಿಯಿಂದ ಪಡೆದ ಯು-87 ಎಂಬ ಕೋಶವಂಶವನ್ನು, ಎಂದರೆ ಒಂದೇ ಗಡ್ಡೆಯಿಂದ ಬಂದು ತಟ್ಟೆಯಲ್ಲಿ ಬೆಳೆಯುತ್ತಲೇ ಇರುವ ಕೋಶಗಳ ಸಂತತಿಯನ್ನು, ಲೋಕದ ನೂರಾರು ಪ್ರಯೋಗಾಲಯಗಳು ಬಳಸುತ್ತಿದ್ದವು. ಹೀಗೆ ಹಂಚಿಕೆಯಾಗುತ್ತಿದ್ದುದು ಆ ರೋಗಿಯ ಗಡ್ಡೆಯದೇ ಅಲ್ಲವೆಂದು ಡಿಎನ್‌ಎ ಹೋಲಿಕೆಯಿಂದ 2016ರಲ್ಲಿ ಬಯಲಾಯಿತು. ಚೀಲದ ಮೇಲೆ ಸೋನಾ ಮಸೂರಿ ಎಂದಿದ್ದು ಒಳಗೆ ಬೇರೆ ತಳಿಯ ಬೀಜವಿದ್ದರೆ ರೈತನ ಗತಿ ಏನೆಂದು ನಮ್ಮ ಕಡೆಯವರಿಗೆ ಹೇಳಬೇಕಿಲ್ಲ. ಆದ್ದರಿಂದಲೇ ರೋಗಿಯಿಂದ ನೇರವಾಗಿ ಬಂದ, ಮೂಲ ತಿಳಿದ ಹೊಸ ಕೋಶಗಳಿಗೆ ಇಷ್ಟೊಂದು ಬೆಲೆ.

ನಿಮ್ಮ ಎರಡನೆಯ ಪ್ರಶ್ನೆಗೆ ಆಸೆ ಹುಟ್ಟಿಸುವ ಉತ್ತರ ಕೊಡಲಾರೆ. ಎಲ್ಲ ಮಾದರಿಗಳೂ ಬೇರೂರುವುದಿಲ್ಲ; ಬೇರೂರಿದರೂ ವಾರಗಳು, ಕೆಲವೊಮ್ಮೆ ತಿಂಗಳುಗಳು ಬೇಕು. ತಟ್ಟೆಯಲ್ಲಿ ರಕ್ತನಾಳಗಳಿಲ್ಲ, ರಕ್ತದಿಂದ ಮೆದುಳಿಗೆ ಔಷಧ ಹೋಗದಂತೆ ತಡೆಯುವ ಪರದೆಯೂ ಇಲ್ಲ. ಒಂದೇ ಗಡ್ಡೆಯ ಈ ಅಂಚಿನ ಕೋಶಕ್ಕೂ ಆ ಅಂಚಿನದಕ್ಕೂ ವ್ಯತ್ಯಾಸವಿರುತ್ತದೆ. ಕೋಶಗಳನ್ನು ಬಿಡಿಸದೆ ಚೂರುಗಳನ್ನೇ ಬೆಳೆಸಿ, ಒಂದೆರಡು ವಾರಗಳಲ್ಲಿ ಪುಟ್ಟ ಉಂಡೆಗಳಂಥ ಆರ್ಗನಾಯ್ಡ್‌ಗಳನ್ನು ಪಡೆಯುವ ವಿಧಾನ 2020ರಲ್ಲಿ ಪ್ರಕಟವಾಗಿದೆಯಾದರೂ, ಅಣ್ಣನ ಚಿಕಿತ್ಸೆ ಅದಕ್ಕಾಗಿ ಕಾಯಬಾರದು. ಶಸ್ತ್ರಚಿಕಿತ್ಸೆಯ ನಂತರ ವಿಕಿರಣ, ಜೊತೆಗೆ ಟೆಮೊಜೊಲೊಮೈಡ್ ಎಂಬ ಕ್ಯಾನ್ಸರ್ ಔಷಧ ಕೊಡುವುದು 2005ರಿಂದ ರೂಢಿಯಲ್ಲಿದೆ. ಆ ಔಷಧ ಎಷ್ಟು ಫಲಿಸೀತೆಂಬ ಸುಳಿವನ್ನು ಎಂಜಿಎಂಟಿ ಎಂಬ ಪರೀಕ್ಷೆ ಕೊಡುತ್ತದೆ. ಅದನ್ನು ತಪ್ಪದೆ ಕೇಳಿ.

ಉತ್ತರ: ಗಂಗಾವತಿಯಿಂದ

ನಮ್ಮ ತಂದೆಯವರ ಗಡ್ಡೆಯ ಭಾಗವನ್ನೂ ಹೀಗೆಯೇ ಕೊಟ್ಟಿದ್ದೆವು. ಅಂದು ಇಂಗ್ಲಿಷಿನಲ್ಲಿದ್ದ ಪತ್ರಕ್ಕೆ ಓದದೆಯೇ ಸಹಿ ಹಾಕಿಸಿದ್ದು ಇಂದಿಗೂ ನನ್ನ ಮನಸ್ಸಿಗೆ ಚುಚ್ಚುತ್ತದೆ. ನೀವು ಕನ್ನಡದ ಪತ್ರವನ್ನೇ ಕೇಳಿ ಪಡೆಯಿರಿ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2017ರ ಮಾರ್ಗಸೂಚಿಯ ಪ್ರಕಾರ ಒಪ್ಪಿಗೆ ಸ್ವಇಚ್ಛೆಯದ್ದಾಗಿರಬೇಕು. ಒಪ್ಪದಿದ್ದರೂ ಚಿಕಿತ್ಸೆಗೆ ಧಕ್ಕೆಯಾಗಬಾರದು. ಮಾದರಿಯನ್ನು ಎಷ್ಟು ಕಾಲ ಇಡುತ್ತಾರೆ, ಬೇರೆ ಸಂಸ್ಥೆಗಳಿಗೆ ಕೊಡುತ್ತಾರೆಯೇ, ಹೆಸರನ್ನು ಗೋಪ್ಯವಾಗಿ ಇಡುತ್ತಾರೆಯೇ ಎಂಬುದನ್ನು ಅಣ್ಣನೇ ಕೇಳಲಿ, ಏಕೆಂದರೆ ಸಹಿ ಅವರದು.

ಪ್ರಶ್ನೆ ಕೇಳಿದವರಿಂದ

ಇಬ್ಬರಿಗೂ ಕೃತಜ್ಞತೆಗಳು. ಸಸಿಮಡಿಯ ಮಾತನ್ನು ಹೇಳಿದ ಮೇಲೆ ಅವ್ವ ಬಹಳ ಹೊತ್ತು ಸುಮ್ಮನಿದ್ದು, "ಕಿತ್ತ ಸಸಿ ಮಡಿಗೆ ತಿರುಗಿ ಬರಂಗಿಲ್ಲ ಬಿಡು" ಎಂದಳು. ಪತ್ರವನ್ನು ಕನ್ನಡದಲ್ಲಿ ಕೊಡುವುದಾಗಿ ಆಸ್ಪತ್ರೆಯವರು ಒಪ್ಪಿದ್ದಾರೆ. ವೈದ್ಯರನ್ನು ಕೇಳಬೇಕಾದ ಪ್ರಶ್ನೆಗಳ ಚೀಟಿಯಲ್ಲಿ ಎಂಜಿಎಂಟಿ ಪರೀಕ್ಷೆಯನ್ನು ಮೊದಲು ಬರೆದುಕೊಂಡಿದ್ದೇನೆ.